ಕತ್ತಿನ ಗಂಟು, ಕಂದು ಬಣ್ಣ ಮತ್ತು 36ನೇ ಸೈಕಲ್

ವಿನಂತಿ ಪತ್ರದಲ್ಲಿದ್ದದ್ದು ಇಷ್ಟೇ: ‘ಪುರುಷ, 61 ವರ್ಷ. ಬಲಗತ್ತಿನ ಮೇಲ್ಭಾಗದಲ್ಲಿ 4 ಸೆಂ.ಮೀ. ಗಂಟು, ಮೂರು ತಿಂಗಳಿಂದ. ಮೂಲ ಸಿಕ್ಕಿಲ್ಲ. ಎಚ್‌ಪಿವಿ?’ ಬರೆದವರು ಪೆನ್ನನ್ನು ಎಷ್ಟು ಒತ್ತಿದ್ದರೆಂದರೆ ಕೊನೆಯ ಪ್ರಶ್ನಾರ್ಥಕ ಚಿಹ್ನೆಯ ಚುಕ್ಕೆ ಕಾಗದದ ಹಿಂಬದಿಗೂ ಮೂಡಿತ್ತು.

ಗಂಟಿನಲ್ಲಿ ಹ್ಯೂಮನ್ ಪ್ಯಾಪಿಲೋಮಾ ವೈರಸ್ (ಎಚ್‌ಪಿವಿ) ಇದೆಯೇ ಎಂಬ ಆ ಪ್ರಶ್ನೆಗೆ ನಮ್ಮ ಪ್ರಯೋಗಾಲಯ ಹನ್ನೊಂದು ದಿನಗಳಲ್ಲಿ ಮೂರು ಉತ್ತರ ಕೊಟ್ಟಿತು. ಮೊದಲು ‘ಇರಬಹುದು’, ಆಮೇಲೆ ‘ಇದೆ’, ಕೊನೆಗೆ ‘ಇಲ್ಲ’. ಸರಿಯಾದದ್ದು ಕೊನೆಯದು. ಮೊದಲಿನೆರಡು ಉತ್ತರಗಳಿಗೆ ಸಹಿ ಹಾಕಿದವಳೂ, ಫೋನಿನಲ್ಲಿ ಹೇಳಿದವಳೂ ನಾನೇ ಆದ್ದರಿಂದ ಅವು ಹೇಗೆ ಹುಟ್ಟಿದವು ಎಂಬುದನ್ನು ಬರೆದಿಡುವುದೂ ನನ್ನ ಪಾಲಿಗೇ ಬಂತು. ರೋಗಿಯ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಗಂಟಿನೊಳಗೆ

ಮೊದಲು ಸಣ್ಣ ಸೂಜಿ ಹಾಕಿ ನೋಡಿದ್ದರು. ಮಂದವಾದ ಹಳದಿ ದ್ರವ, ಅದರಲ್ಲಿ ಸತ್ತ ಸ್ಕ್ವಾಮಸ್ ಕೋಶಗಳು (ಚರ್ಮ, ಗಂಟಲುಗಳ ಮೇಲ್ಪದರದ ಚಪ್ಪಟೆ ಕೋಶಗಳು), ಚರ್ಮ–ಕೂದಲುಗಳ ಗಟ್ಟಿ ಪ್ರೊಟೀನಾದ ಕೆರಾಟಿನ್ನಿನ ಚೂರು. ಕತ್ತಿನಲ್ಲಿ ನೀರು ತುಂಬಿದ ಗಂಟು ಕಂಡಾಗ ‘ಹುಟ್ಟಿನಿಂದ ಉಳಿದ ಸಿಸ್ಟ್ ಇರಬೇಕು’ ಎಂದು ಮನಸ್ಸು ಹಗುರ ಮಾಡಿಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ. ನಲವತ್ತು ದಾಟಿದವರಲ್ಲಿ ಆ ಆಸೆಯನ್ನು ನಂಬಬಾರದು. ಟಾನ್ಸಿಲ್ ಕ್ಯಾನ್ಸರ್ ದುಗ್ಧಗ್ರಂಥಿಗೆ ಇಳಿದಾಗ ಇದೇ ರೀತಿ ಒಳಗೆ ಕರಗಿ ನೀರಾಗುತ್ತದೆ. ಹಾಗಾಗಿ ದಪ್ಪ ಸೂಜಿಯಿಂದ ಬಯಾಪ್ಸಿ ಕೇಳಿದೆವು. ಮೂರು ಎಳೆಗಳು ಬಂದವು. ಒಂದೊಂದೂ ಒಂದು ಮಿಲಿಮೀಟರ್ ದಪ್ಪ, ಒಂದೂವರೆ ಸೆಂಟಿಮೀಟರ್ ಉದ್ದ.

ಮೈಕ್ರೋಸ್ಕೋಪಿನಡಿ ಅನುಮಾನಕ್ಕೆ ಎಡೆಯಿರಲಿಲ್ಲ. ದುಗ್ಧಗ್ರಂಥಿಯ ಸಣ್ಣ ನೀಲಿ ಕೋಶಗಳ ನಡುವೆ ದೊಡ್ಡ, ಗುಲಾಬಿ ಕೋಶಗಳ ದ್ವೀಪಗಳು: ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ. ಎಳೆಯಲ್ಲಿದ್ದ ಕೋಶಗಳಲ್ಲಿ ಸುಮಾರು ಶೇ 60 ಗಡ್ಡೆಯವು. ಎರಡು ಕಡೆ ಕೆರಾಟಿನ್ ಸುತ್ತು ಸುತ್ತಾಗಿ ಬಿಗಿದು ಮುತ್ತಿನಂತೆ ಕೂತಿತ್ತು. ‘ಕೆರಾಟಿನ್ ಇದೆ’ ಎಂದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದೂ ಇದ್ದೇನೆ. ಎಚ್‌ಪಿವಿಯಿಂದ ಹುಟ್ಟಿದ ಗಂಟಲಿನ ಕ್ಯಾನ್ಸರಿನ ಮುಖಚರ್ಯೆಯೇ ಬೇರೆ. ಅದರಲ್ಲಿ ಕೋಶಗಳು ಒತ್ತೊತ್ತಾಗಿ ನೀಲಿಯಾಗಿರುತ್ತವೆ, ಕೆರಾಟಿನ್ ಕಡಿಮೆ ಅಥವಾ ಇರುವುದೇ ಇಲ್ಲ. ಆ ಎರಡು ಮುತ್ತುಗಳಿಗೆ ಕೊಡಬೇಕಾದ ತೂಕವನ್ನು ಆ ದಿನವೇ ಕೊಟ್ಟಿದ್ದರೆ ಈ ಬರಹ ಇಷ್ಟು ಉದ್ದವಾಗುತ್ತಿರಲಿಲ್ಲ.

ಪ್ರಶ್ನೆಯ ತೂಕ

ಕತ್ತಿನ ಮೇಲ್ಭಾಗದ ಈ ಜಾಗಕ್ಕೆ ಹಲವು ಊರುಗಳ ನೀರು ಹರಿದು ಬರುತ್ತದೆ. ಟಾನ್ಸಿಲ್, ನಾಲಿಗೆಯ ಬುಡ, ಮೂಗಿನ ಹಿಂದಿನ ಗಂಟಲು. ಮರೆತುಬಿಡುವ ಇನ್ನೊಂದು ದಿಕ್ಕಿನಿಂದ ನೆತ್ತಿ, ಕಪೋಲ, ಕಿವಿಯ ಚರ್ಮ. ಪೆಟ್ ಸ್ಕ್ಯಾನಿನಲ್ಲಿ ಗಂಟೊಂದೇ ಹೊಳೆದಿತ್ತು. ಗಂಟಲಿಗೆ ನಳಿಕೆ ಇಳಿಸಿ ನೋಡಿದವರಿಗೂ ಏನೂ ಕಂಡಿರಲಿಲ್ಲ. ಟಾನ್ಸಿಲ್ಲಿನ ಸಂದುಗಳಲ್ಲಿ ಕೆಲವೇ ಮಿಲಿಮೀಟರಿನ ಗಡ್ಡೆ ಅಡಗಿ ಕೂರಬಲ್ಲದು.

ಇಂಥ ಹೊತ್ತಿನಲ್ಲಿ ವೈರಸ್ ದಾರಿ ತೋರಿಸುತ್ತದೆ. ಗಡ್ಡೆಯಲ್ಲಿ ಎಚ್‌ಪಿವಿ ಸಿಕ್ಕರೆ ಮೂಲ ಟಾನ್ಸಿಲ್ ಅಥವಾ ನಾಲಿಗೆಯ ಬುಡ ಎಂದು ಹಿಡಿಯಬಹುದು. ಎಪ್‌ಸ್ಟೈನ್–ಬಾರ್ ವೈರಸ್ ಸಿಕ್ಕರೆ ಮೂಗಿನ ಹಿಂಭಾಗ. 1964ರಲ್ಲಿ ಎಪ್‌ಸ್ಟೈನ್, ಅಚಾಂಗ್, ಬಾರ್ ಬರ್ಕಿಟ್ ಲಿಂಫೋಮಾ ಎಂಬ ಕ್ಯಾನ್ಸರಿನ ಕೋಶಗಳಲ್ಲಿ ಈ ಎರಡನೆಯದನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಅದು ಮುಂದೊಂದು ದಿನ ಕತ್ತಿನ ಗಂಟಿಗೆ ವಿಳಾಸದ ಚೀಟಿಯಾಗುತ್ತದೆ ಎಂದು ಯಾರೂ ಎಣಿಸಿರಲಾರರು.

ಹಂತ ನಿರ್ಧಾರದ ಲೆಕ್ಕ ಇನ್ನೂ ವಿಚಿತ್ರ. ಕ್ಯಾನ್ಸರಿನ ಹಂತ ಹೇಳುವ ಅಮೆರಿಕದ ಎಜೆಸಿಸಿ ಕೈಪಿಡಿಯ 8ನೇ ಆವೃತ್ತಿಯ ಪ್ರಕಾರ, ಮೂಲ ಸಿಗದ, 4 ಸೆಂ.ಮೀ. ಅಳತೆಯ, ಹೊರಗೋಡೆ ಒಡೆಯದ ಒಂಟಿ ಗಂಟು ಎಚ್‌ಪಿವಿಯದಾದರೆ 1ನೇ ಹಂತ. ಯಾವ ವೈರಸ್ಸೂ ಇಲ್ಲದಿದ್ದರೆ ಅದೇ ಗಂಟು 4ಎ. ರೋಗಿಯ ಕತ್ತಿನಲ್ಲಿ ಒಂದು ಕೂದಲೂ ಅಲುಗದೆ, ನಮ್ಮ ಮೇಜಿನ ಮೇಲಿನ ಒಂದು ಸ್ಲೈಡ್‌ನಿಂದ 1 ಹೋಗಿ 4 ಆಗುತ್ತದೆ. ಮತ್ತೊಂದು ಸೂಕ್ಷ್ಮ: ಆ ಕೈಪಿಡಿ ವೈರಸ್ಸನ್ನೇ ತೋರಿಸಿ ಎಂದು ಕೇಳುವುದಿಲ್ಲ, ಅದರ ಬದಲಿಗೆ ಪಿ16 ಎಂಬ ಪ್ರೊಟೀನನ್ನು ಒಪ್ಪಿಕೊಳ್ಳುತ್ತದೆ.

ಕಂದು ಬಣ್ಣ

ಪಿ16 ವೈರಸ್ಸಿನ ಪ್ರೊಟೀನ್ ಅಲ್ಲ, ನಮ್ಮದೇ. ಕೋಶ ವಿಭಜನೆಗೆ ಬ್ರೇಕ್ ಹಾಕುವುದು ಅದರ ಕೆಲಸ. ಆ ಬ್ರೇಕ್ ಹಿಡಿಯುವುದು ಆರ್‌ಬಿ ಎಂಬ ಇನ್ನೊಂದು ಪ್ರೊಟೀನಿನ ಮೂಲಕ. ಎಚ್‌ಪಿವಿಯ ಇ7 ಪ್ರೊಟೀನ್ ಆರ್‌ಬಿಯನ್ನು ಕೆಡಿಸುತ್ತದೆ. ಸಾಮಾನ್ಯವಾಗಿ ಪಿ16 ಹೆಚ್ಚಾಗದಂತೆ ತಡೆಯುತ್ತಿದ್ದದ್ದೂ ಆರ್‌ಬಿಯೇ ಆದ್ದರಿಂದ, ಅದು ಕೆಟ್ಟೊಡನೆ ಕೋಶ ಪಿ16ನ್ನು ರಾಶಿ ಹಾಕತೊಡಗುತ್ತದೆ. ಒತ್ತಿದ ಪೆಡಲ್ಲಿಗೆ ತಂತಿಯೇ ಇಲ್ಲ, ಆದರೂ ಕಾಲು ಒತ್ತುತ್ತಲೇ ಇರುತ್ತದೆ. ನಾವು ಬಣ್ಣ ಹಾಕಿ ನೋಡುವುದು ಆ ಕಾಲನ್ನು.

ಕಳ್ಳ ಬಂದರೆ ನಾಯಿ ಬೊಗಳುತ್ತದೆ. ಬೊಗಳಿದಾಗಲೆಲ್ಲ ಕಳ್ಳ ಬಂದಿರಬೇಕೆಂದಿಲ್ಲ. ಆರ್‌ಬಿ ಬೇರೆ ಕಾರಣದಿಂದ ಕೆಟ್ಟರೂ ಪಿ16 ಏರುತ್ತದೆ, ಮತ್ತು ಚರ್ಮದ ಸ್ಕ್ವಾಮಸ್ ಕ್ಯಾನ್ಸರುಗಳಲ್ಲಿ ಇದು ಅಪರೂಪವೇನಲ್ಲ.

ವಿಧಾನ ಹಳೆಯದು, ನಂಬಿಕೆಯದು. ಅಂಗಾಂಶವನ್ನು ಹುದುಗಿಸಿಟ್ಟ ಮೇಣದ ಬ್ಲಾಕಿನಿಂದ 4 ಮೈಕ್ರಾನಿನ ಪದರ ಕತ್ತರಿಸಿ ಗಾಜಿಗೇರಿಸಿ, ಮೇಣ ಕರಗಿಸಿ, ಕ್ಷಾರೀಯ ದ್ರಾವಣದಲ್ಲಿ ಕುದಿಯುವ ಹತ್ತಿರದವರೆಗೆ ಬಿಸಿ ಮಾಡುತ್ತೇವೆ. ಅಂಗಾಂಶ ಕೆಡದಂತೆ ಹಾಕಿಟ್ಟ ಫಾರ್ಮಲಿನ್ ಪ್ರೊಟೀನುಗಳನ್ನು ಒಂದಕ್ಕೊಂದು ಹೆಣೆದು ಮುಖ ಮುಚ್ಚಿಸಿರುತ್ತದೆ, ಈ ಬಿಸಿ ಆ ಹೆಣಿಗೆಯನ್ನು ಸಡಿಲಿಸುತ್ತದೆ. ಆಮೇಲೆ ಇ6ಎಚ್4 ಎಂಬ ಪ್ರತಿಕಾಯ, ಅದರ ಮೇಲೆ ಕಿಣ್ವ, ಕೊನೆಗೆ ಆ ಕಿಣ್ವ ತಾಕಿದರೆ ಕಂದಾಗುವ ಡಿಎಬಿ ಎಂಬ ರಾಸಾಯನಿಕ. ಪ್ರತಿಕಾಯ ಕೂತ ಜಾಗ ಕಂದಾಗುತ್ತದೆ, ಉಳಿದದ್ದು ಹೆಮಟಾಕ್ಸಿಲಿನ್ನಿನ ನೀಲಿಯಲ್ಲಿ ಉಳಿಯುತ್ತದೆ.

ನಮ್ಮ ಸ್ಲೈಡಿನಲ್ಲಿ ಗಡ್ಡೆಯ ದ್ವೀಪಗಳು ಒಂದೂ ಬಿಡದೆ ಕಂದಾಗಿದ್ದವು. ನ್ಯೂಕ್ಲಿಯಸ್ಸೂ ಕಂದು, ಕೋಶರಸವೂ ಕಂದು. ಶೇ 90ರಷ್ಟು ಕೋಶಗಳಲ್ಲಿ, ಗಾಢವಾಗಿ. ಒಪ್ಪಿತ ಗಡಿ ಶೇ 70. ನಾನು ಬರೆದೆ: ‘ಪಿ16 ಪಾಸಿಟಿವ್. ಎಚ್‌ಪಿವಿ ಸಂಬಂಧಿತ ಕ್ಯಾನ್ಸರ್ ಇರಬಹುದು. ವೈರಸ್ ಪರೀಕ್ಷೆ ನಡೆಯುತ್ತಿದೆ.’

ಕೊನೆಯ ಆ ವಾಕ್ಯ ಕೆರಾಟಿನ್ ಮುತ್ತುಗಳ ಪುಣ್ಯ. ಕಾಲೇಜ್ ಆಫ್ ಅಮೆರಿಕನ್ ಪ್ಯಾಥಾಲಜಿಸ್ಟ್ಸ್ 2018ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ಮೂಲ ಸಿಗದ ಕತ್ತಿನ ಗಂಟಿನಲ್ಲಿ ಪಿ16 ಪಾಸಿಟಿವ್ ಆಗಿ ಗಡ್ಡೆ ಕೆರಾಟಿನ್ ಮಾಡುತ್ತಿದ್ದರೆ ವೈರಸ್ಸನ್ನೇ ನೇರವಾಗಿ ಹುಡುಕಬೇಕು ಎಂದಿದೆ. ಅದನ್ನು ಪಾಲಿಸಿದೆ. ಆದರೆ ಮನಸ್ಸಿನಲ್ಲಿ ಉತ್ತರ ಆಗಲೇ ನಿಂತುಬಿಟ್ಟಿತ್ತು, ಪರೀಕ್ಷೆ ಬರೀ ಮೊಹರು ಒತ್ತಲು ಹೋದಂತಿತ್ತು.

ಟ್ಯೂಬಿನೊಳಗೆ

ವೈರಸ್ಸನ್ನು ನೇರವಾಗಿ ಹುಡುಕಲು ನಮ್ಮಲ್ಲಿ ಎರಡು ದಾರಿ. ಒಂದು, ಅಂಗಾಂಶವನ್ನು ಕರಗಿಸಿ ಡಿಎನ್‌ಎ ತೆಗೆದು ಪಿಸಿಆರ್ ಮಾಡುವುದು, ಅಂದರೆ ಹುಡುಕುವ ತುಣುಕನ್ನು ಸೈಕಲ್ ಮೇಲೆ ಸೈಕಲ್ ನಕಲು ಮಾಡಿ ಕಾಣುವಷ್ಟು ಹೆಚ್ಚಿಸುವುದು. ಇನ್ನೊಂದು, ಸ್ಲೈಡಿನ ಮೇಲೆಯೇ ವೈರಸ್ಸಿನ ಆರ್‌ಎನ್‌ಎಯನ್ನು ಹುಡುಕುವ ಇನ್ ಸಿಟು ಹೈಬ್ರಿಡೈಸೇಶನ್. ಎರಡನೆಯದನ್ನು ಸಾಕಷ್ಟು ಮಾದರಿಗಳು ಸೇರಿದ ಮೇಲೆಯೇ ಹಾಕುತ್ತಿದ್ದೆವು, ಒಂದು ವಾರ ಕಾಯಬೇಕಿತ್ತು. ಚಿಕಿತ್ಸೆಯ ಸಭೆ ಮೂರು ದಿನದಲ್ಲಿತ್ತು. ಹೀಗಾಗಿ ಪಿಸಿಆರ್.

ಬ್ಲಾಕಿನಿಂದ ಮೂರು ತೆಳು ಸುರುಳಿಗಳನ್ನು ಕತ್ತರಿಸಿ ಟ್ಯೂಬಿಗೆ ಹಾಕಿದರು. ಎಚ್‌ಪಿವಿಯ ಡಿಎನ್‌ಎ ಸುಮಾರು 8,000 ಅಕ್ಷರಗಳ ಒಂದು ಉಂಗುರ. ಅದರಲ್ಲಿ ನಾವು ಓದುವುದು ಇ6–ಇ7 ಭಾಗದ ನೂರಕ್ಕೂ ಕಡಿಮೆ ಅಕ್ಷರಗಳ ಒಂದು ತುಣುಕು. ಕಾರಣ ಎರಡು. ಫಾರ್ಮಲಿನ್ ಡಿಎನ್‌ಎಯನ್ನು ಚೂರು ಮಾಡಿರುತ್ತದೆ, ಉದ್ದ ತುಣುಕು ಇಡಿಯಾಗಿ ಸಿಗುವುದು ಕಷ್ಟ. ಎರಡನೆಯದಾಗಿ, ವೈರಸ್ ನಮ್ಮ ವರ್ಣತಂತುವಿನೊಳಗೆ ಹೊಕ್ಕಾಗ ಉಂಗುರ ಒಡೆದು ಬೇರೆ ಭಾಗಗಳು ಕಳೆದುಹೋಗಬಹುದು. ಕ್ಯಾನ್ಸರಿಗೆ ಬೇಕಾದ ಇ6 ಮತ್ತು ಇ7 ಮಾತ್ರ ಉಳಿದೇ ಇರುತ್ತವೆ.

ಮರುದಿನ ಮಧ್ಯಾಹ್ನ ಪರದೆಯ ಮೇಲೆ ಬಂತು: ‘ಎಚ್‌ಪಿವಿ 16: ಪತ್ತೆಯಾಗಿದೆ.’ ಹರಾಲ್ಡ್ ಸುರ್ ಹೌಸೆನ್ ಅವರ ತಂಡ ಗರ್ಭಕಂಠದ ಕ್ಯಾನ್ಸರಿನಲ್ಲಿ 1983ರಲ್ಲಿ ಗುರುತಿಸಿದ, ಅವರಿಗೆ 2008ರ ನೊಬೆಲ್ ತಂದುಕೊಟ್ಟ ಕೆಲಸದ ಕೇಂದ್ರದಲ್ಲಿದ್ದ ಅದೇ ಬಗೆಯ ಎಚ್‌ಪಿವಿ. ಗಂಟಲಿನ ಎಚ್‌ಪಿವಿ ಕ್ಯಾನ್ಸರುಗಳಲ್ಲಿ ಬಹುಪಾಲು ಇದರವೇ. ಪಿ16 ಹೇಳಿದ್ದೂ ಇದೂ ತಾಳೆಯಾಯಿತು. ಫೋನೆತ್ತಿ ಚಿಕಿತ್ಸಕ ವೈದ್ಯರಿಗೆ ಹೇಳಿದೆ: “ಇದೆ ಸರ್. ಬರಹದಲ್ಲಿ ನಾಳೆ ಕೊಡ್ತೀನಿ.”

ಸಭೆಯಲ್ಲಿ ಯೋಜನೆ ಸಿದ್ಧವಾಯಿತು. ಎರಡೂ ಟಾನ್ಸಿಲ್ ತೆಗೆದು ನೋಡುವುದು, ನಾಲಿಗೆಯ ಬುಡದಿಂದ ಮಾದರಿ ತೆಗೆಯುವುದು, ಆಮೇಲೆ ಗಂಟಲಿಗೂ ಕತ್ತಿನ ಎರಡೂ ಬದಿಗೂ ವಿಕಿರಣ ಚಿಕಿತ್ಸೆ.

ಹತ್ತು ಸೈಕಲ್ಲಿನ ಅಂತರ

ಬರಹದ ವರದಿ ಹೋಗುವ ಮೊದಲು ನಮ್ಮ ಹಿರಿಯ ತಂತ್ರಜ್ಞರು ಒಂದು ಹಾಳೆ ಹಿಡಿದು ಬಂದರು. ಪರದೆಯ ಮೇಲಿನ ‘ಪತ್ತೆ’ ಎಂಬ ಪದವನ್ನು ಅವರು ಎಂದೂ ನಂಬಿದವರಲ್ಲ. ಗೆರೆ ಎಲ್ಲಿ ಏರಿದೆ ಎಂದು ನೋಡುತ್ತಾರೆ.

“ಮೇಡಂ, ಇದು 36ಕ್ಕೆ ಎದ್ದಿದೆ. ಗ್ಲೋಬಿನ್ 26ಕ್ಕೇ ಎದ್ದಿದೆ.”

“ಒಟ್ಟು 40 ಸೈಕಲ್ ಅಲ್ವಾ? ಒಳಗೇ ಇದೆಯಲ್ಲ.”

“ಒಳಗೇನೋ ಇದೆ. ಆದ್ರೆ ಇಷ್ಟು ಕಮ್ಮಿ ವೈರಸ್ ಇಟ್ಕೊಂಡು ಆ ಗಡ್ಡೆ ಬೆಳೆದದ್ದಾದ್ರೂ ಹೇಗೆ?”

ಅವರ ಲೆಕ್ಕವನ್ನು ಹಾಗೆಯೇ ಬರೆಯುತ್ತೇನೆ, ಏಕೆಂದರೆ ಇಡೀ ಪ್ರಕರಣ ತಿರುಗಿದ್ದು ಅಲ್ಲೇ. ಪಿಸಿಆರ್‌ನ ಪ್ರತಿ ಸೈಕಲ್ಲಿಗೆ ಡಿಎನ್‌ಎ ಸರಿಸುಮಾರು ಇಮ್ಮಡಿಯಾಗುತ್ತದೆ. ಹತ್ತು ಸೈಕಲ್ ತಡವಾಗಿ ಎದ್ದಿತೆಂದರೆ ಹತ್ತು ಸಲ ಅರ್ಧ ಮಾಡಿದಷ್ಟು, ಅಂದರೆ 1,024 ಪಟ್ಟು ಕಡಿಮೆಯಿಂದ ಅದು ಶುರುವಾಗಿತ್ತು. ಬೀಟಾ ಗ್ಲೋಬಿನ್ ನಮ್ಮದೇ ಜೀನ್, ಪ್ರತಿ ಕೋಶದಲ್ಲಿ ಎರಡು ಪ್ರತಿ. ಹಾಗಾದರೆ ಟ್ಯೂಬಿನಲ್ಲಿ ಸುಮಾರು 500 ಕೋಶಗಳಿಗೆ ಒಂದು ವೈರಸ್ ಪ್ರತಿ. ಕೋಶಗಳಲ್ಲಿ ಶೇ 60 ಗಡ್ಡೆಯವು ಎಂದಿಟ್ಟುಕೊಂಡರೂ 300 ಗಡ್ಡೆ ಕೋಶಗಳಿಗೆ ಒಂದು. ವೈರಸ್ಸಿನಿಂದ ಹುಟ್ಟಿದ ಗಡ್ಡೆಯ ಪ್ರತಿ ಕೋಶವೂ ಇ6–ಇ7ರ ಬಲದಿಂದಲೇ ಬದುಕಿರುವುದು. ಕೋಶಕ್ಕೆ ಕನಿಷ್ಠ ಒಂದು ಪ್ರತಿಯಾದರೂ ಇರಲೇಬೇಕು. 299 ಕೋಶಗಳು ಯಾರ ಹೆಸರಿನಲ್ಲಿ ಬೆಳೆದವು?

ಎರಡು ಪರೀಕ್ಷೆಗಳ ವೇಗ ಬೇರೆ ಬೇರೆ ಇರಬಹುದಲ್ಲ ಎಂದು ನಾನು ಕೇಳಿದೆ. ಅವರ ಹಾಳೆಯ ಕೆಳಗಿನ ಸಾಲಿನಲ್ಲಿ ಅದಕ್ಕೂ ಉತ್ತರವಿತ್ತು. ಪ್ರತಿ ರನ್ನಿನಲ್ಲೂ ನಾವು ಸಿಹಾ ಕೋಶಗಳನ್ನು ಹಾಕುತ್ತೇವೆ. ಗರ್ಭಕಂಠದ ಕ್ಯಾನ್ಸರಿನಿಂದ ಬಂದ ಈ ಕೋಶಸಾಲಿನಲ್ಲಿ ಕೋಶಕ್ಕೆ ಒಂದೆರಡು ಪ್ರತಿ ಮಾತ್ರ ಎಚ್‌ಪಿವಿ 16 ಇರುತ್ತದೆ. (ಹೆಸರಾದ ಹೀಲಾ ಕೋಶಗಳು ಇಲ್ಲಿ ಕೆಲಸಕ್ಕೆ ಬಾರವು, ಅವುಗಳಲ್ಲಿರುವುದು ಎಚ್‌ಪಿವಿ 18.) ಸಿಹಾದಲ್ಲಿ ಗ್ಲೋಬಿನ್ 25ಕ್ಕೆ, ವೈರಸ್ಸೂ 25 ದಾಟಿ ಸ್ವಲ್ಪದಲ್ಲೇ ಎದ್ದಿತ್ತು. ಅಂದರೆ ಕೋಶಕ್ಕೊಂದು ವೈರಸ್ ಇದ್ದರೆ ಎರಡು ಗೆರೆಗಳು ಜೊತೆಜೊತೆಗೆ ಏರಬೇಕು. ಡಿಎನ್‌ಎ ಕೆಟ್ಟಿದ್ದರೆ ಗ್ಲೋಬಿನ್ನೂ ತಡವಾಗಬೇಕಿತ್ತು, ಅದೂ ಆಗಿರಲಿಲ್ಲ.

ಫೋನೆತ್ತಿ ‘ಇದೆ’ ಎಂದಿದ್ದ ನನ್ನ ಬಾಯಿ ಒಣಗಿತು. ಪಿಸಿಆರ್ ಸುಳ್ಳು ಹೇಳಿರಲಿಲ್ಲ. ಟ್ಯೂಬಿನಲ್ಲಿ ಎಚ್‌ಪಿವಿ 16 ಇತ್ತು. ನಾನು ಅದನ್ನು ‘ಗಡ್ಡೆಯಲ್ಲಿದೆ’ ಎಂದು ಓದಿಕೊಂಡಿದ್ದೆ. ಕರಗಿಸಿದ ಅಂಗಾಂಶಕ್ಕೆ ನಕ್ಷೆ ಇರುವುದಿಲ್ಲ. ಯಾವ ಕೋಶದ್ದು ಎಂದು ಕೇಳಿದರೆ ಟ್ಯೂಬಿಗೆ ಹೇಳಲು ಬಾಯಿಲ್ಲ.

ಮರುದಿನದ ಶಸ್ತ್ರಚಿಕಿತ್ಸೆಯ ಪಟ್ಟಿಯಿಂದ ಹೆಸರು ತೆಗೆಸಿದೆವು. ವೈದ್ಯರಿಗೆ ಸಿಟ್ಟು ಬಂದದ್ದು ಸಹಜ. “ನಿನ್ನೆ ಇದೆ ಅಂದ್ರಿ, ಇವತ್ತು ಇಲ್ಲ ಅಂತೀರಾ?” ಇಲ್ಲ ಎಂದು ಹೇಳುವ ಧೈರ್ಯವೂ ಆಗ ನನಗಿರಲಿಲ್ಲ. “ಗೊತ್ತಿಲ್ಲ ಸರ್, ಐದು ದಿನ ಕೊಡಿ” ಎಂದೆ.

ಕೋಶದ ಒಳಗೆ ನೋಡಿದಾಗ

ಕಾಯುವ ಹೊತ್ತಿನಲ್ಲಿ ಮೊದಲು ಮಾಡಿದ್ದು ಪಿ53 ಬಣ್ಣ. ಕೆಟ್ಟ ಕೋಶ ಬೆಳೆಯದಂತೆ ಕಾಯುವ ನಮ್ಮದೇ ಇನ್ನೊಂದು ಪ್ರೊಟೀನ್ ಪಿ53. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಸುಲಭದ್ದು, ಒಂದು ದಿನದ ಕೆಲಸ. ಎಚ್‌ಪಿವಿಯ ಇ6 ಪ್ರೊಟೀನ್ ಪಿ53ನ್ನು ಹಿಡಿದು ನಾಶಕ್ಕೆ ಕಳಿಸುತ್ತದೆ. ಆದ್ದರಿಂದ ವೈರಸ್ಸಿನ ಗಡ್ಡೆಗೆ ಪಿ53 ಜೀನನ್ನು ಕೆಡಿಸಿಕೊಳ್ಳುವ ಅಗತ್ಯವೇ ಸಾಮಾನ್ಯವಾಗಿ ಬೀಳುವುದಿಲ್ಲ, ಬಣ್ಣವೂ ಅಲ್ಲೊಂದು ಇಲ್ಲೊಂದು ಕೋಶದಲ್ಲಿ ಮಾತ್ರ ಕಾಣುತ್ತದೆ. ನಮ್ಮ ಗಡ್ಡೆಯಲ್ಲಿ ಹೆಚ್ಚುಕಡಿಮೆ ಪ್ರತಿ ನ್ಯೂಕ್ಲಿಯಸ್ಸೂ ಕಾಫಿಕಪ್ಪು. ಜೀನ್ ಕೆಟ್ಟು, ಒಡೆಯಲಾಗದ ಪ್ರೊಟೀನ್ ರಾಶಿ ಬಿದ್ದಾಗ ಕಾಣುವ ಚಿತ್ರ ಇದು. ಸುತ್ತಲಿನ ಸಾಮಾನ್ಯ ಕೋಶಗಳಲ್ಲಿ ಮಾಸಲು ಬಣ್ಣ ಅಲ್ಲಲ್ಲಿ ಇದ್ದದ್ದರಿಂದ ಬಣ್ಣ ಅತಿಯಾಯಿತೇ ಎಂಬ ಅನುಮಾನಕ್ಕೂ ಜಾಗವಿರಲಿಲ್ಲ. ಆರ್‌ಬಿ ಬಣ್ಣವನ್ನೂ ಹಾಕೋಣವೇ ಎಂದು ಕಿರಿಯ ಸಹೋದ್ಯೋಗಿ ಕೇಳಿದರು. ಅದರಿಂದ ಪ್ರಯೋಜನವಿರಲಿಲ್ಲ. ವೈರಸ್ ಇದ್ದರೂ ಆರ್‌ಬಿ ಕಡಿಮೆಯಾಗುತ್ತದೆ, ವೈರಸ್ಸಿಲ್ಲದೆ ಜೀನ್ ಕೆಟ್ಟರೂ ಆಗುತ್ತದೆ.

ನಾಲ್ಕನೆಯ ದಿನ ಇನ್ ಸಿಟು ಸ್ಲೈಡುಗಳು ಬಂದವು. ಇಲ್ಲಿ ಹುಡುಕುವುದು ಇ6–ಇ7ರ ಸಂದೇಶ ಆರ್‌ಎನ್‌ಎಯನ್ನು. ವೈರಸ್ ಸುಮ್ಮನೆ ಬಿದ್ದಿದ್ದರೆ ಅದು ಇರುವುದಿಲ್ಲ, ಕೆಲಸ ಮಾಡುತ್ತಿದ್ದರೆ ಮಾತ್ರ ಇರುತ್ತದೆ. ಪ್ರತಿ ಸಂದೇಶವೂ ಒಂದು ಚುಕ್ಕೆಯಾಗಿ ಕಾಣುವಷ್ಟು ಈ ವಿಧಾನ ಸೂಕ್ಷ್ಮ. ಆದರೆ ಆರ್‌ಎನ್‌ಎ ಬಲು ನಾಜೂಕು; ಚುಕ್ಕೆ ಇಲ್ಲವೆಂದರೆ ವೈರಸ್ ಇಲ್ಲ ಎನ್ನಬೇಕೋ ಆರ್‌ಎನ್‌ಎಯೇ ಕೊಳೆತಿದೆ ಎನ್ನಬೇಕೋ ತಿಳಿಯುವುದಿಲ್ಲ. ಅದಕ್ಕೇ ಪಕ್ಕದ ಸ್ಲೈಡಿನಲ್ಲಿ ನಮ್ಮದೇ ಪಿಪಿಐಬಿ ಜೀನಿನ ಸಂದೇಶ ಹುಡುಕುತ್ತೇವೆ, ಇನ್ನೊಂದರಲ್ಲಿ ಮನುಷ್ಯರಲ್ಲಿ ಇರಲಾರದ ಬ್ಯಾಕ್ಟೀರಿಯಾ ಜೀನೊಂದರದ್ದು. ಮೊದಲನೆಯದು ಕಾಣಲೇಬೇಕು, ಎರಡನೆಯದು ಕಾಣಲೇಬಾರದು.

ಪಿಪಿಐಬಿ ಸ್ಲೈಡಿನಲ್ಲಿ ಗಡ್ಡೆಯ ತುಂಬ ಚುಕ್ಕೆಗಳು, ರಾಗಿ ಚೆಲ್ಲಿದಂತೆ. ಬ್ಯಾಕ್ಟೀರಿಯಾದ್ದು ಖಾಲಿ. ಕಂಟ್ರೋಲಿಗಿಟ್ಟ ಕ್ಯಾಸ್ಕಿ ಕೋಶಗಳಲ್ಲಿ ಎಚ್‌ಪಿವಿಯ ಚುಕ್ಕೆಗಳು ಒಂದರ ಮೇಲೊಂದು ಬಿದ್ದು ಮುದ್ದೆಯಾಗಿದ್ದವು. ಅವುಗಳಲ್ಲಿ ಕೋಶಕ್ಕೆ ನೂರಾರು ಪ್ರತಿ ವೈರಸ್ ಇರುತ್ತದೆ. ನಮ್ಮ ಗಡ್ಡೆಯ ಎಚ್‌ಪಿವಿ ಸ್ಲೈಡನ್ನು 40ರ ಮಸೂರದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ, ಗದ್ದೆ ಉಳುವ ಹಾಗೆ ಸಾಲು ಬಿಡದೆ ನೋಡಿದೆ. ಒಂದು ಚುಕ್ಕೆಯೂ ಇಲ್ಲ. ನನ್ನ ಕಣ್ಣನ್ನು ನಾನೇ ನಂಬದೆ ಸಹೋದ್ಯೋಗಿಗೂ ಕೊಟ್ಟೆ, ಏನನ್ನೂ ಹೇಳದೆ. ಅವರೂ ಖಾಲಿ ಎಂದರು.

ಜೊತೆಗೇ ಎಬರ್ ಪರೀಕ್ಷೆಯೂ ಬಂದಿತ್ತು. ಎಪ್‌ಸ್ಟೈನ್–ಬಾರ್ ವೈರಸ್ ಕೂತ ಕೋಶದಲ್ಲಿ ಎಬರ್ ಎಂಬ ಅದರ ಪುಟ್ಟ ಆರ್‌ಎನ್‌ಎಗಳು ಹತ್ತು ಲಕ್ಷದವರೆಗೂ ಇರಬಲ್ಲವು, ಆದ್ದರಿಂದ ತಪ್ಪಿಸಿಕೊಳ್ಳುವುದು ಕಷ್ಟ. ಗಡ್ಡೆಯಲ್ಲಿ ಇರಲಿಲ್ಲ. ಒಂದೇ ಒಂದು ಸಣ್ಣ ಲಿಂಫೋಸೈಟಿನ (ಬಿಳಿ ರಕ್ತಕೋಶದ) ನ್ಯೂಕ್ಲಿಯಸ್ ಮಾತ್ರ ಕಡುನೀಲಿಯಾಗಿ ಕೂತಿತ್ತು. ಬಾಲ್ಯದಲ್ಲೋ ಯೌವನದಲ್ಲೋ ಈ ವೈರಸ್ ಹೊಕ್ಕು ಹೊರಗೆ ಹೋಗದೆ ಉಳಿದ ಗುರುತು. ವಯಸ್ಕರಲ್ಲಿ ಬಹುತೇಕ ಎಲ್ಲರೂ ಅದನ್ನು ಹೊತ್ತೇ ತಿರುಗುತ್ತಾರೆ. ಇದೇ ಗಂಟನ್ನು ಕರಗಿಸಿ ಎಪ್‌ಸ್ಟೈನ್–ಬಾರ್ ಪಿಸಿಆರ್ ಮಾಡಿದ್ದರೆ ಅದೂ ‘ಪತ್ತೆಯಾಗಿದೆ’ ಎಂದು ಬರುವ ಸಾಧ್ಯತೆ ಇತ್ತು. ಸ್ಲೈಡಿನ ಮೇಲೆ ನೋಡಿದ್ದರಿಂದ ಆ ಕೋಶ ಯಾರ ಕಡೆಯದು ಎಂದು ಕಣ್ಣಿಗೇ ಕಂಡಿತು.

ಬ್ಲೇಡ್

ಹಾಗಾದರೆ ಟ್ಯೂಬಿನಲ್ಲಿದ್ದ ವೈರಸ್ ಎಲ್ಲಿಂದ ಬಂತು?

ಬ್ಲಾಕುಗಳನ್ನು ತೆಳುವಾಗಿ ಕತ್ತರಿಸುವ ಯಂತ್ರವಾದ ಮೈಕ್ರೋಟೋಮಿನ ಪಕ್ಕದಲ್ಲಿ ನೇತುಹಾಕಿದ ಪುಸ್ತಕದಲ್ಲಿ ಯಾವ ಬ್ಲಾಕನ್ನು ಯಾವಾಗ ಕತ್ತರಿಸಿದರೆಂದು ಬರೆಯುವ ಪದ್ಧತಿ ಇದೆ. ಅಂದು ನಮ್ಮ ಬ್ಲಾಕಿಗೆ ತೀರ ಹಿಂದೆ ಕತ್ತರಿಸಿದ್ದು ಗರ್ಭಕಂಠದ ಒಂದು ಬಯಾಪ್ಸಿ, ಕ್ಯಾನ್ಸರಿನ ಹೊಸ್ತಿಲಲ್ಲಿದ್ದದ್ದು, ಎಚ್‌ಪಿವಿ 16 ಖಚಿತವಾಗಿದ್ದದ್ದು. ಪಿಸಿಆರಿಗೆ ಕತ್ತರಿಸುವಾಗ ಪ್ರತಿ ಬ್ಲಾಕಿಗೂ ಹೊಸ ಬ್ಲೇಡ್, ನಡುವೆ ಖಾಲಿ ಮೇಣದ ಬ್ಲಾಕ್, ಯಂತ್ರದ ಹಿಡಿಯನ್ನೂ ಬ್ರಶ್ಶನ್ನೂ ಒರೆಸುವುದು ಎಂಬ ನಿಯಮ ಗೋಡೆಯ ಮೇಲೇ ಅಂಟಿಸಿತ್ತು. ಆದರೆ ಅದು ಅಂಟಿಸಿದ್ದು ಪಿಸಿಆರ್ ವಿಭಾಗದ ಮೈಕ್ರೋಟೋಮಿನ ಗೋಡೆಗೆ. ನಮ್ಮ ಬ್ಲಾಕು ನಾನು ‘ಅರ್ಜೆಂಟ್’ ಎಂದು ಬರೆದದ್ದರಿಂದ ದಿನನಿತ್ಯದ ಯಂತ್ರದ ಮೇಲೇ ಹೋಗಿತ್ತು. ಆ ಯಂತ್ರದಲ್ಲಿ ಬ್ಲೇಡ್ ಮೊಂಡಾದಾಗ ಬದಲಾಯಿಸುತ್ತಾರೆ. ಬಣ್ಣದ ಕೆಲಸಕ್ಕೆ ಅದು ಸಾಕು. ಯಾವುದೋ ಕೋಶ ಬಂದು ಬಿದ್ದರೂ ಕಣ್ಣಿಗೆ ಕಾಣುತ್ತದೆ. ಪಿಸಿಆರಿಗೆ ಕಣ್ಣಿಲ್ಲ.

ಸುರುಳಿಗಳನ್ನು ಕತ್ತರಿಸುವ ಮೊದಲೊಂದು, ಆದ ಮೇಲೊಂದು ಪದರವನ್ನು ಸ್ಲೈಡಿಗೇರಿಸಿ, ಟ್ಯೂಬಿಗೆ ಹೋದದ್ದರಲ್ಲಿ ಗಡ್ಡೆ ಇತ್ತೇ ಎಂದು ಖಚಿತಪಡಿಸಿಕೊಳ್ಳುವುದು ನಮ್ಮ ರೂಢಿ. ಆ ‘ಮೊದಲಿನ’ ಸ್ಲೈಡನ್ನು ಮತ್ತೆ ಹಾಕಿ ನೋಡಿದೆ. ಎಳೆಗಳಿಂದ ದೂರ, ಗಾಜಿನ ಅಂಚಿನ ಹತ್ತಿರ, ಇಪ್ಪತ್ತು ಕೋಶಗಳಿರಬಹುದಾದ ಒಂದು ಪುಟ್ಟ ಪಟ್ಟಿ. ಗಡ್ಡೆಯನ್ನು ಫೋಕಸ್ ಮಾಡಿದರೆ ಅದು ಮಸುಕು, ಅದನ್ನು ಫೋಕಸ್ ಮಾಡಿದರೆ ಗಡ್ಡೆ ಮಸುಕು. ಬೇರೆ ಅಂಗಾಂಶ ಮೇಲೆ ಬಂದು ಕೂತಾಗ ಹೀಗಾಗುತ್ತದೆ. ಒತ್ತೊತ್ತಾದ ನೀಲಿ ನ್ಯೂಕ್ಲಿಯಸ್ಸುಗಳು, ಕೆರಾಟಿನ್ ಇಲ್ಲ. ನಮ್ಮ ಗಡ್ಡೆಯದಲ್ಲ, ಗರ್ಭಕಂಠದ ಮೇಲ್ಪದರದ ಹಾಗಿದೆ. ಮೊದಲ ಸಲ ನೋಡುವಾಗಲೂ ಅದು ಅಲ್ಲೇ ಇತ್ತು. ನಾನು ಅಂಚಿನವರೆಗೆ ಹೋಗಿರಲಿಲ್ಲ.

ಇದರಿಂದ ಸಾಬೀತಾಯಿತೆಂದು ಹೇಳಲಾರೆ. ಸ್ಲೈಡಿನ ಪದರಗಳು ಬಿಸಿನೀರಿನ ತೊಟ್ಟಿಯಲ್ಲಿ ತೇಲಿ ಗಾಜಿಗೆ ಹತ್ತುತ್ತವೆ, ಆ ಪಟ್ಟಿ ತೊಟ್ಟಿಯಿಂದಲೂ ಬಂದಿರಬಹುದು. ಸುರುಳಿಗಳು ತೊಟ್ಟಿಗೆ ಹೋಗುವುದೇ ಇಲ್ಲ, ಬ್ಲೇಡಿನಿಂದ ನೇರ ಟ್ಯೂಬಿಗೆ. ಗರ್ಭಕಂಠದ ಕೋಶಗಳು ಆ ಹೊತ್ತಿನಲ್ಲಿ ಆ ಯಂತ್ರದ ಸುತ್ತ ಓಡಾಡುತ್ತಿದ್ದವು ಎಂಬುದಕ್ಕೆ ಅದು ಸಾಕ್ಷಿ, ಅಷ್ಟೇ. ಗಟ್ಟಿ ಉತ್ತರ ಕೊಟ್ಟದ್ದು ಮರುಪರೀಕ್ಷೆ. ಪಿಸಿಆರ್ ವಿಭಾಗದ ಯಂತ್ರ, ಹೊಸ ಬ್ಲೇಡ್, ಮೇಲಿನ ಕೆಲವು ಪದರ ಎಸೆದು ಒಳಗಿನಿಂದ ಹೊಸ ಸುರುಳಿ, ಅದಕ್ಕೂ ಮೊದಲು ಖಾಲಿ ಮೇಣದ ಸುರುಳಿ ಬೇರೆ ಟ್ಯೂಬಿನಲ್ಲಿ. ಎರಡು ಸಲ ಮಾಡಿದೆವು. ಗ್ಲೋಬಿನ್ 26. ಎಚ್‌ಪಿವಿ ಗೆರೆ 40ರವರೆಗೂ ನೆಲಕ್ಕಂಟಿಕೊಂಡೇ ಇತ್ತು.

ಕಿವಿಯ ಹಿಂದೆ

ಪಿ16 ಇದೆ, ವೈರಸ್ಸಿಲ್ಲ, ಕೆರಾಟಿನ್ ಇದೆ, ಪಿ53 ಕೆಟ್ಟಿದೆ. ನಾಲ್ಕನ್ನೂ ಪಕ್ಕಪಕ್ಕ ಇಟ್ಟರೆ ಬೆರಳು ಗಂಟಲಿನಿಂದ ಚರ್ಮದ ಕಡೆಗೆ ತಿರುಗುತ್ತದೆ. ವೈದ್ಯರಿಗೆ ಮತ್ತೆ ಫೋನ್ ಮಾಡಿದೆ. “ಸರ್, ಒಂದ್ಸಲ ನೆತ್ತಿ, ಕಿವಿ ನೋಡ್ತೀರಾ? ಹಳೇ ಗಾಯದ ಕಲೆ ಏನಾದ್ರೂ ಇದೆಯಾ?”

ಅರ್ಧ ಗಂಟೆಯಲ್ಲಿ ಉತ್ತರ ಬಂತು. ಬಲಗಿವಿಯ ಹಿಂದೆ, ಕೂದಲಿನ ಗಡಿಯಲ್ಲಿ, ಬಿಳಿಯ ಗೆರೆಯಂಥ ಕಲೆ. ಒಂದೂವರೆ ವರ್ಷದ ಹಿಂದೆ ವಾರಗಟ್ಟಲೆ ಮಾಯದ ಒಂದು ಹುಣ್ಣನ್ನು ಬೇರೆ ಕಡೆ ತೆಗೆಸಿಕೊಂಡಿದ್ದರು. ಕತ್ತಿನ ಗಂಟಿಗೆ ಬಂದಾಗ ಯಾರೂ ಕೇಳಲಿಲ್ಲ, ಅವರಿಗೂ ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಹೊಳೆಯಲಿಲ್ಲ. ಜೀವನದ ಬಹುಭಾಗ ಬಿಸಿಲಿನಲ್ಲೇ ದುಡಿದವರು.

ಹಳೆಯ ಬ್ಲಾಕು ಸಿಗುತ್ತದೋ ಇಲ್ಲವೋ ಎಂದಿದ್ದೆವು, ಸಿಕ್ಕಿತು. ಅದರಲ್ಲೂ ಸ್ಕ್ವಾಮಸ್ ಕಾರ್ಸಿನೋಮಾ, ಅದೇ ಸುತ್ತು ಸುತ್ತಿನ ಮುತ್ತುಗಳು, ಅಂಚಿಗೆ ತೀರ ಹತ್ತಿರ. ಪಿ16 ಗಾಢ ಕಂದು, ಪಿ53 ಅದೇ ಕಾಫಿಕಪ್ಪು, ಎಚ್‌ಪಿವಿ ಆರ್‌ಎನ್‌ಎ ಇಲ್ಲ. ಎರಡರ ಡಿಎನ್‌ಎಯನ್ನೂ ಓದಿ ಒಂದೇ ಬದಲಾವಣೆ ಇದೆಯೇ ಎಂದು ನೋಡಿದ್ದರೆ ಇನ್ನೂ ಗಟ್ಟಿಯಾಗುತ್ತಿತ್ತು. ಚಿಕಿತ್ಸೆ ಬದಲಾಗುವಂತಿರಲಿಲ್ಲವಾದ್ದರಿಂದ ಬಿಟ್ಟೆವು.

ಟಾನ್ಸಿಲ್ಲುಗಳು ಉಳಿದವು. ಬಲಗತ್ತಿನ ದುಗ್ಧಗ್ರಂಥಿಗಳನ್ನೂ ಕಿವಿಯ ಕೆಳಗಿನ ಪರೋಟಿಡ್ ಗ್ರಂಥಿಯ ಒಂದು ಭಾಗವನ್ನೂ ತೆಗೆದರು, ಕಲೆಯ ಜಾಗವನ್ನು ಮತ್ತೆ ಅಗಲವಾಗಿ ಕತ್ತರಿಸಿದರು. ವಿಕಿರಣ ಚಿಕಿತ್ಸೆ ಆ ಒಂದೇ ಬದಿಗೆ. ಗಂಟಲಿನ ಒಳಪದರಕ್ಕೆಲ್ಲ ವಿಕಿರಣ ಬಿದ್ದಿದ್ದರೆ ಬಾಯಿ ಒಣಗುವುದು, ನುಂಗಲು ಕಷ್ಟವಾಗುವುದು ವರ್ಷಗಟ್ಟಲೆ ಕಾಡುತ್ತಿತ್ತು; ಅದೂ ಅಲ್ಲಿ ಇಲ್ಲದ ರೋಗಕ್ಕೆ.

ಒಂದು ಮಾತು ಸೇರಿಸಬೇಕು. ಪಿ16ನ್ನು ಇದರಿಂದ ಹಳಿಯುವಂತಿಲ್ಲ. ಟಾನ್ಸಿಲ್ಲಿನಿಂದಲೇ ತೆಗೆದ, ಕೆರಾಟಿನ್ ಇಲ್ಲದ ಗಡ್ಡೆಯಲ್ಲಿ ಅದರ ಮಾತು ಬಹುಪಾಲು ನಿಜ. ಆದರೆ ಅಲ್ಲಿಯೂ ಪೂರ್ತಿ ನಿಜವಲ್ಲ. ಗಂಟಲಿನ ಕ್ಯಾನ್ಸರಿನ 7,600ಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 9ರಷ್ಟು ಮಂದಿಯಲ್ಲಿ ಪಿ16 ಮತ್ತು ಎಚ್‌ಪಿವಿ ಒಂದಕ್ಕೊಂದು ಹೊಂದಿರಲಿಲ್ಲ, ಮತ್ತು ಹಾಗೆ ಹೊಂದದವರು ಎರಡೂ ಪಾಸಿಟಿವ್ ಇದ್ದವರಷ್ಟು ಚೆನ್ನಾಗಿ ಬದುಕುಳಿದಿರಲಿಲ್ಲ. ಚಿಕಿತ್ಸೆಯನ್ನು ಹಗುರ ಮಾಡುವ ಯೋಚನೆ ಇದ್ದಲ್ಲಿ ಒಂದು ಕಂದು ಸ್ಲೈಡಿನ ಮೇಲೆ ಅಷ್ಟು ಭಾರ ಹಾಕಲು ನನಗೀಗ ಮನಸ್ಸಾಗುವುದಿಲ್ಲ.

ತಿದ್ದಿದ ವರದಿಯಲ್ಲಿ ಹಳೆಯದನ್ನು ಅಳಿಸಲಿಲ್ಲ. ‘ಮೊದಲು ಮೌಖಿಕವಾಗಿ ತಿಳಿಸಿದ ಎಚ್‌ಪಿವಿ 16 ಫಲಿತಾಂಶವನ್ನು ಹಿಂತೆಗೆದುಕೊಂಡಿದೆ, ಮಾದರಿ ಕತ್ತರಿಸುವಾಗ ಬೇರೆ ಅಂಗಾಂಶ ಬೆರೆತದ್ದು ಸಂಭವನೀಯ ಕಾರಣ’ ಎಂದು ಮೊದಲ ಸಾಲಿನಲ್ಲೇ ಬರೆದೆ. ಈಗ ನಮ್ಮ ಪಿಸಿಆರ್ ವರದಿಗಳಲ್ಲಿ ‘ಪತ್ತೆ’ ಎಂಬ ಪದದ ಪಕ್ಕ ವೈರಸ್ಸಿನ ಮತ್ತು ಗ್ಲೋಬಿನ್ನಿನ ಸೈಕಲ್ ಸಂಖ್ಯೆ ಎರಡೂ ಇರುತ್ತವೆ. ಅಂತರ ದೊಡ್ಡದಿದ್ದರೆ ಸ್ಲೈಡಿನ ಮೇಲೆ ನೋಡದೆ ಯಾರೂ ಫೋನ್ ಎತ್ತುವಂತಿಲ್ಲ.

ಪುಸ್ತಕದಲ್ಲಿ ಅಂದು ಅದೇ ಬ್ಲೇಡಿನಲ್ಲಿ ನಮ್ಮ ಬ್ಲಾಕಿನ ನಂತರ ಕತ್ತರಿಸಿದ ಎರಡು ಹೆಸರುಗಳಿದ್ದವು. ಒಂದಕ್ಕೆ ವೈರಸ್ ಪರೀಕ್ಷೆಯೇ ಇರಲಿಲ್ಲ. ಇನ್ನೊಂದು ಟಾನ್ಸಿಲ್ ಬಯಾಪ್ಸಿ, ಎಚ್‌ಪಿವಿ ಪಿಸಿಆರ್ ಆಗಿ ಸಹಿಗೆ ಕಾಯುತ್ತಿದ್ದದ್ದು. ಅದನ್ನೂ ತಡೆದು, ಹೊಸ ಬ್ಲೇಡಿನಲ್ಲಿ ಕತ್ತರಿಸಿ ಮತ್ತೆ ಮಾಡಿಸಿದೆವು. ಗ್ಲೋಬಿನ್ 25, ಎಚ್‌ಪಿವಿ 22. ವರದಿ ಒಂದು ದಿನ ತಡವಾಗಿ ಹೋಯಿತು.